ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು ಮಾಡಿಕೊಡುತ್ತೇನೆ. ಕೊನೆಯದಕ್ಕೆ ಬರುವವರು ಸಂಜೆ ಆರಕ್ಕೆ ಬಂದು ಬೆಳಿಗ್ಗೆ ಇನ್ನೂರು ಪ್ರತಿ ಬೇಕೆನ್ನುತ್ತಾರೆ. ಅವರಿಗೆ ನಾಳೆ ಬನ್ನಿ ಎನ್ನಲಾಗುವುದಿಲ್ಲ. ಹಾಗಾಗಿ ನನ್ನ ಕಂಪ್ಯೂಟರಿಗೆ ಹಟ ಮಾಡುವ ಅವಕಾಶವಿಲ್ಲ.

ಅದು 2014ರಲ್ಲಿ ಕೊಂಡ ಯಂತ್ರ. ನಾಲ್ಕನೆಯ ಪೀಳಿಗೆಯ ಐ5, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 7 ಹಾಕಿಸಿಕೊಂಡು ಬಂದದ್ದು, ಮುಂದೆ ಬಿಟ್ಟಿಯಾಗಿ 10ಕ್ಕೆ ಏರಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದಾಗ 11ಕ್ಕೆ ಹೋಗೋಣವೆಂದುಕೊಂಡೆ. ಆಗುವ ಮಾತಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಒಂದೆರಡು ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ಈಚಿನ ಪ್ರೊಸೆಸರ್ ಬೇಕು. ನನ್ನದು ನಾಲ್ಕು ಮೆಟ್ಟಿಲು ಕೆಳಗಿದೆ.

ರಿಪೇರಿಯ ಹುಡುಗ ಎಂಟುನೂರು ರೂಪಾಯಿ ಕೊಟ್ಟರೆ ಆ ತಪಾಸಣೆಯನ್ನೇ ದಾಟಿಸಿ 11 ಹಾಕಿಕೊಡುತ್ತೇನೆ ಎಂದ. ಆಮೇಲೆ ಅಪ್‌ಡೇಟ್ ಬರುತ್ತದೆಯೇ ಎಂದು ಕೇಳಿದೆ. "ಬಂದರೆ ಬರುತ್ತದೆ ಮೇಡಂ, ನಿಮಗೇಕೆ ಅದೆಲ್ಲ?" ಎಂದ. ನಾನು ಅಪ್‌ಡೇಟಿಗಾಗಿಯೇ ಇಷ್ಟು ತಲೆ ಕೆಡಿಸಿಕೊಂಡಿದ್ದೆ. ಅವನಿಗೆ ಚಹಾ ಕೊಟ್ಟು ಕಳುಹಿಸಿದೆ.

ಮೊದಲು ಮಾಡಿದ ಕೆಲಸ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ 240 ಜಿಬಿಯ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿದ್ದು. ಎರಡಕ್ಕೂ ಸೇರಿ ಎರಡೂವರೆ ಸಾವಿರದ ಆಸುಪಾಸು ಆಯಿತು. ಮುಂಚೆ ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಪಟಕ್ಕೆ ಹೂವಿಟ್ಟು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಿರುತ್ತಿತ್ತು. ಈಗ ಪೊರಕೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಯಾವ ಕಾರ್ಯಾಚರಣ ವ್ಯವಸ್ಥೆ ಹಾಕಬೇಕೆಂದು ತಲೆ ಕೆರೆದುಕೊಳ್ಳುವವರು ಮೊದಲು ಈ ದುಡ್ಡು ಖರ್ಚು ಮಾಡಲಿ.

ಬಳಿಕ ಎಸ್‌ಎಸ್‌ಡಿಯಲ್ಲಿ 60 ಜಿಬಿ ಬದಿಗಿರಿಸಿ ವಿಂಡೋಸ್ ಜೊತೆಗೇ ಲಿನಕ್ಸ್ ಮಿಂಟ್ 22.2 ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆ ಹಾಕಿದೆ. ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಡಿಸ್ಕಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ನಾನು ಎರಡು ದಿನ ಹಾಗೇ ನೋಡಿದೆ. ದುಡ್ಡು ಕೊಡಬೇಕಿಲ್ಲ, 2029ರವರೆಗೆ ಅಪ್‌ಡೇಟ್ ಇದೆ. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು. ವಿಂಡೋಸ್ 7 ಬಳಸಿದವರಿಗೆ ಹೊಸ ಊರಿಗೆ ಬಂದಂತೆ ಅನಿಸುವುದಿಲ್ಲ.

ನನ್ನ ಭಯ ಇದ್ದದ್ದು ಕನ್ನಡದ ಬಗ್ಗೆ. ಇಪ್ಪತ್ತು ವರ್ಷದಿಂದ ನನ್ನ ಬೆರಳುಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ವಿನ್ಯಾಸಕ್ಕೆ, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಗೆ ಒಗ್ಗಿಹೋಗಿವೆ. 'ಟ' ಬೇಕೆಂದರೆ ಬೆರಳು ತಾನಾಗಿ ಕ್ಯೂ ಕೀಲಿಗೆ ಹೋಗುತ್ತದೆ, 'ಡ'ಗೆ ಡಬ್ಲ್ಯೂ. 'ಕ್ಷ'ಕ್ಕೆ ಕೆ, ಎಫ್, ಎಕ್ಸ್. ಬೇರೆ ವಿನ್ಯಾಸ ಕಲಿ ಎಂದರೆ ಈ ವಯಸ್ಸಿನಲ್ಲಿ ಎಡಗೈಯಲ್ಲಿ ರಂಗೋಲಿ ಹಾಕು ಎಂದಂತೆ. ಮಿಂಟ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಎರಡು ಸಣ್ಣ ತಂತ್ರಾಂಶ ಸೇರಿಸಿಕೊಂಡೆ. ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಸಿಕ್ಕಿತು. 'ಲಕ್ಷ್ಮೀನರಸಿಂಹಸ್ವಾಮಿ' ಎಂದು ಹೊಡೆದು ನೋಡಿದೆ. ಒಂದು ಒತ್ತೂ ಜಾರಲಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಸಿಗುತ್ತವೆ. ಲಗ್ನಪತ್ರಿಕೆಗೆ ಇವು ತೀರಾ ಸಾದಾ, ಅರ್ಜಿ ಬರೆಯುವುದಕ್ಕೆ ಧಾರಾಳ ಸಾಕು.

ತೊಡಕು ಹಳೆಯ ಕಡತಗಳದ್ದು. ಹಳೆಯ ನುಡಿಯ ಅಕ್ಷರಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಾಮಾನ್ಯ ಅಕ್ಷರ ಸಂಕೇತದಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದವೇ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಹೀಗೆ ಸಾಲಾಗಿ ನಿಲ್ಲುತ್ತದೆ. ನನ್ನ ನುಡಿ ಫಾಂಟುಗಳನ್ನು ಮಿಂಟ್‌ಗೆ ನಕಲು ಮಾಡಿದ ಮೇಲೆ ವರ್ಡ್ ಕಡತಗಳು ಮಿಂಟ್‌ನ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಕನ್ನಡವಾಗಿಯೇ ತೆರೆದುಕೊಂಡವು. ಅಷ್ಟಕ್ಕೆ ಖುಷಿಪಟ್ಟು ಪತ್ರಿಕೆ, ಬಿಲ್ಲುಗಳ ಪುಟ ಜೋಡಿಸಲು ನಾನು ಬಳಸುವ ಪೇಜ್‌ಮೇಕರ್ ತಂತ್ರಾಂಶದ ಕಡತಗಳಿಗೆ ಕೈಹಾಕಿದೆ. ಲಿಬ್ರೆ ಆಫೀಸ್‌ನ ಡ್ರಾ ಎಂಬ ಭಾಗ ಅವುಗಳನ್ನೂ ತೆರೆಯುತ್ತದೆ, ಅದೇ ದೊಡ್ಡ ವಿಷಯ. ಆದರೆ ನನ್ನ ಒಂದು ಪತ್ರಿಕೆಯಲ್ಲಿ ಗಣಪತಿಯ ಚಿತ್ರ ಕಾಣೆಯಾಗಿ, ವರನ ತಂದೆಯ ಹೆಸರು ವಧುವಿನ ಕಡೆಯ ಅಂಕಣಕ್ಕೆ ಹೋಗಿ ಕೂತಿತ್ತು. ಇದನ್ನು ಅಚ್ಚು ಮಾಡಿ ಕೊಟ್ಟರೆ ನನ್ನ ಅಂಗಡಿಯ ಮುಂದೆಯೇ ಪಂಚಾಯಿತಿ ಸೇರುತ್ತದೆ.

ಪೇಜ್‌ಮೇಕರ್ 7 ಹೊರಬಂದದ್ದು 2001ರಲ್ಲಿ. ಅದಕ್ಕೆ ಕನ್ನಡ ಯೂನಿಕೋಡ್ ಹಿಡಿಸುವುದಿಲ್ಲ. ಬಿಟ್ಟುಬಿಡಿ ಎಂದು ಹೇಳುವವರು ಸುಲಭವಾಗಿ ಹೇಳುತ್ತಾರೆ. ಇಡೀ ತಾಲ್ಲೂಕಿನ ಮನೆತನಗಳ ಹೆಸರು, ಮಂಡಿಗಳ ಬಿಲ್ಲು ಎಲ್ಲ ಅದರೊಳಗಿದೆ. ಅಣ್ಣನ ಮದುವೆಯ ಪತ್ರಿಕೆ ತೆರೆದು ತಮ್ಮನ ಹೆಸರು ತುಂಬಿಸಿ ಹತ್ತು ನಿಮಿಷದಲ್ಲಿ ಮುಗಿಸುವುದರಲ್ಲೇ ನನ್ನ ಲಾಭ ಇರುವುದು. ವೈನ್ ಎಂಬ ತಂತ್ರಾಂಶದ ಮೂಲಕ ಮಿಂಟ್‌ನಲ್ಲೇ ಪೇಜ್‌ಮೇಕರ್ ನಡೆಸಬಹುದು ಎಂದು ಮಗಳು ಹೇಳಿದಳು. ಗಿರಾಕಿ ಎದುರಿಗೆ ಕೂತಿರುವಾಗ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಇನ್ನು ನನ್ನ ಹದಿನೈದು ವರ್ಷದ ಲೇಸರ್ ಪ್ರಿಂಟರ್. ಅದು ಮಿಂಟ್‌ನ ಮಾತಿಗೆ ಕಿವಿಗೊಡಲೇ ಇಲ್ಲ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಹೀಗಾಗಿ ವಿಂಡೋಸ್ 10 ಉಳಿಯಿತು. ಅದಕ್ಕೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುತ್ತಿದೆ, 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲದೆ ಸಿಗುತ್ತದೆ. ನಾನು ಎರಡನೆಯದನ್ನು ಆರಿಸಿದೆ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು. ನನ್ನದು ಇರಲಿಲ್ಲ, ಅದನ್ನು ತಂದುಕೊಳ್ಳುವುದಕ್ಕೆ ಒಂದು ರಾತ್ರಿ ಹಿಡಿಯಿತು. ಹೊಸ ಸೌಲಭ್ಯ ಏನೂ ಬರುವುದಿಲ್ಲ, ತೂತು ಮುಚ್ಚುವ ಕೆಲಸ ಮಾತ್ರ. ನನಗೆ ಬೇಕಿದ್ದದ್ದೂ ಅಷ್ಟೇ.

ಹಾಗಾದರೆ ಮಿಂಟ್ ದಂಡವಾಯಿತೇ? ಇಲ್ಲ. ಒಂದು ಕೆಲಸದಲ್ಲಿ ಅದು ನನ್ನ ಮನಸ್ಸು ಗೆದ್ದಿದೆ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಿವೆಯಲ್ಲ, ಕಾಲೇಜು ಹುಡುಗರದು ವಿಶೇಷವಾಗಿ, ವಿಂಡೋಸ್‌ನಲ್ಲಿ ತೆರೆದರೆ ಫೋಲ್ಡರ್‌ಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಗೊತ್ತಿಲ್ಲದೆ ಒತ್ತಿದರೆ ವೈರಸ್ ನಮ್ಮ ಯಂತ್ರಕ್ಕೂ ಅಂಟುತ್ತದೆ. ಮಿಂಟ್‌ನಲ್ಲಿ ಅದೇ ಪೆನ್‌ಡ್ರೈವ್ ಚುಚ್ಚಿದರೆ ಆ ಶಾರ್ಟ್‌ಕಟ್‌ಗಳು ಸತ್ತ ಹಲ್ಲಿಯಂತೆ ಬಿದ್ದಿರುತ್ತವೆ, ವೈರಸ್ ಬಚ್ಚಿಟ್ಟ ನಿಜವಾದ ಫೋಲ್ಡರ್ ಪಕ್ಕದಲ್ಲೇ ಕಾಣುತ್ತದೆ. ಮೊನ್ನೆ ಒಬ್ಬ ಹುಡುಗ ಪ್ರಾಜೆಕ್ಟ್ ವರದಿ ಅಳಿಸಿಹೋಯಿತೆಂದು ಅಳುಮುಖ ಮಾಡಿಕೊಂಡು ಬಂದಿದ್ದ. ಎರಡು ನಿಮಿಷದಲ್ಲಿ ತೆಗೆದುಕೊಟ್ಟೆ, ಪ್ರಿಂಟಿನ ದುಡ್ಡಷ್ಟೇ ತೆಗೆದುಕೊಂಡೆ.

ಈಗಿನ ಏರ್ಪಾಡು ಹೀಗಿದೆ: ಬೆಳಿಗ್ಗೆ ಆನ್‌ಲೈನ್ ಅರ್ಜಿ, ಪೆನ್‌ಡ್ರೈವ್ ಬಿಡಿಸುವುದು, ಮಿಂಚಂಚೆ ಮಿಂಟ್‌ನಲ್ಲಿ, ಮಧ್ಯಾಹ್ನದ ಮೇಲೆ ಪೇಜ್‌ಮೇಕರ್ ಕೆಲಸ ವಿಂಡೋಸ್‌ನಲ್ಲಿ. ಮಧ್ಯೆ ಒಮ್ಮೆ ಮುಚ್ಚಿ ತೆರೆಯಬೇಕು, ಅದು ಕಿರಿಕಿರಿ. ಆ ಅಪ್‌ಡೇಟ್ ಮುಗಿಯುವ 2026ರ ಅಕ್ಟೋಬರ್‌ನಿಂದ ವಿಂಡೋಸ್‌ಗೆ ಹೋಗುವಾಗ ಇಂಟರ್‌ನೆಟ್ ತಂತಿ ಕಿತ್ತಿಡುತ್ತೇನೆ; ಪೇಜ್‌ಮೇಕರಿಗೂ ಪ್ರಿಂಟರಿಗೂ ಅದು ಬೇಕಾಗಿಲ್ಲ. ಹೊಸ ಗಿರಾಕಿಗಳ ಬಿಲ್ ಪುಸ್ತಕಗಳನ್ನು ಯೂನಿಕೋಡ್‌ನಲ್ಲೇ ಮಾಡತೊಡಗಿದ್ದೇನೆ, ಇಲ್ಲಿಯವರೆಗೆ ಮೂರಾಗಿವೆ.

ಮನೆಯಲ್ಲಿ ಅರ್ಜಿ, ಸಿನಿಮಾ, ಪತ್ರವ್ಯವಹಾರಕ್ಕಷ್ಟೇ ಕಂಪ್ಯೂಟರ್ ಬಳಸುವವರು ಕಣ್ಣು ಮುಚ್ಚಿಕೊಂಡು ಮಿಂಟ್ ಹಾಕಿಕೊಳ್ಳಬಹುದು. ಡಿಟಿಪಿಯವರು ಮೊದಲು ಪೆನ್‌ಡ್ರೈವ್‌ನಿಂದ ನಡೆಸಿ, ತಮ್ಮ ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆದು ನೋಡಲಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಭಾನುವಾರಕ್ಕೆ ಒಂದು ಕಳೆದಿದ್ದೇನೆ.