ವಿಬಿ6 ರನ್‌ಟೈಮ್ ಪ್ಯಾಕ್: ಹಳೇ ಬಿಲ್ಲಿಂಗ್ ಪ್ರೋಗ್ರಾಂಗೆ ಅರ್ಧ ಮದ್ದು

ಮಂಡ್ಯದ ಬೆಲ್ಲದ ಮಂಡಿಯಾಗಲಿ, ಮೈಸೂರಿನ ಜವಳಿ ಅಂಗಡಿಯಾಗಲಿ, ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್ 6ರಲ್ಲಿ (ವಿಬಿ6) ಬರೆದ ಹಳೇ ಶೇರ್‌ವೇರ್‌ನಲ್ಲೇ (ಮೊದಲು ಬಳಸಿ ನೋಡಿ, ಆಮೇಲೆ ದುಡ್ಡು ಕೊಡುವ ಪ್ರೋಗ್ರಾಂ) ಬಿಲ್ ಹಾಕುವವರಿಗೆ ಕಂಪ್ಯೂಟರ್ ಬದಲಾಯಿಸಿದ ದಿನವೇ ಕಾಟ ಶುರು. ಆಗ ಸಿಗುವ ಸಲಹೆ ಒಂದೇ: ಮೈಕ್ರೋಸಾಫ್ಟ್‌ನ ವಿಬಿ6 ಎಸ್‌ಪಿ6 (ಸರ್ವಿಸ್ ಪ್ಯಾಕ್ 6) ರನ್‌ಟೈಮ್ ಪ್ಯಾಕ್, ಅಂದರೆ ವಿಬಿ6 ಪ್ರೋಗ್ರಾಂ ಓಡಲು ಬೇಕಾದ ಫೈಲುಗಳ ಗಂಟು, ಹಾಕಿ. ಪುಕ್ಕಟೆ, ಕುಗ್ಗಿಸಿದ ರೂಪದಲ್ಲಿ ಸುಮಾರು 1 ಎಂಬಿ. ಆದರೆ ಈಗಿನ ವಿಂಡೋಸ್‌ನಲ್ಲಿ ಅದರಿಂದ ಆಗುವ ಉಪಯೋಗ ಸೊನ್ನೆಗೆ ಹತ್ತಿರ.

ಪ್ಯಾಕ್‌ನೊಳಗೆ ಇರುವುದು ಆರೇ ಫೈಲು. ಮುಖ್ಯವಾದದ್ದು ಎಂಎಸ್‌ವಿಬಿವಿಎಂ60.ಡಿಎಲ್‌ಎಲ್. ವಿಂಡೋಸ್ 98, ಡಯಲ್‌ಅಪ್ ಕಾಲದಲ್ಲಿ ಇದು ದೊಡ್ಡ ಹೊರೆ. ಪ್ರೋಗ್ರಾಂ 300 ಕೆಬಿ ಇದ್ದರೆ ಇದೊಂದೇ 1.3 ಎಂಬಿ ಮೇಲೆ. ಅದಕ್ಕೇ ಶೇರ್‌ವೇರ್ ಬರೆದವರು ‘ರನ್‌ಟೈಮ್ ನೀವೇ ತಂದುಕೊಳ್ಳಿ’ ಎಂದು ಬಿಟ್ಟರು. ವಿಂಡೋಸ್ 10, 11ರಲ್ಲಿ ಆ ಫೈಲು ಮೊದಲೇ ಇರುತ್ತದೆ. ಇಲ್ಲದೇ ಇರುವುದು ಒಸಿಎಕ್ಸ್ ಫೈಲುಗಳು (ಪ್ರೋಗ್ರಾಂ ಬಳಸುವ ಪಟ್ಟಿ, ಫೈಲು ತೆರೆಯುವ ಕಿಟಕಿಯಂಥ ಬಿಡಿಭಾಗಗಳು), ಅವು ಈ ಪ್ಯಾಕ್‌ನಲ್ಲೂ ಇಲ್ಲ!

ಪ್ರೋಗ್ರಾಂ ತೆರೆದಾಗ ‘ರನ್‌ಟೈಮ್ ಎರರ್ 339’ ಬಂದರೆ ಅದರ ಪಕ್ಕದ ಹೆಸರು ಓದಿ. ಸಾಮಾನ್ಯವಾಗಿ ಎಂಎಸ್‌ಕಾಮ್‌ಸಿಟಿಎಲ್.ಒಸಿಎಕ್ಸ್ ಅಥವಾ ಕಾಮ್‌ಡಿಎಲ್‌ಜಿ32.ಒಸಿಎಕ್ಸ್. ಹೆಸರು ಹುಡುಕಿ ಸಿಕ್ಕಸಿಕ್ಕ ‘ಡಿಎಲ್‌ಎಲ್’ ಸೈಟಿನಿಂದ ಇಳಿಸಬೇಡಿ, ವೈರಸ್‌ಗೆ ಬಾಗಿಲು ತೆಗೆದಂತೆ. ಸಾಮಾನ್ಯವಾಗಿ ಹಳೇ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲೇ (ವಿಂಡೋಸ್ 98 ಆದರೆ ‘ಸಿಸ್ಟಮ್’ನಲ್ಲಿ) ಅದು ಇರುತ್ತದೆ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಹೆಸರು ನೋಡಿ ಮೋಸ ಹೋಗುವವರೇ ಜಾಸ್ತಿ. ಅದು 64 ಬಿಟ್ ಫೈಲುಗಳ ಜಾಗ. ನಿಮ್ಮ 32 ಬಿಟ್ ಒಸಿಎಕ್ಸ್ ಹೋಗಬೇಕಾದ್ದು ಪಕ್ಕದ ಸಿಸ್‌ವಾವ್64 (SysWOW64) ಫೋಲ್ಡರಿಗೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆ ಫೋಲ್ಡರಿಗೇ ಹೋಗಿ, ಫೈಲನ್ನು ವಿಂಡೋಸ್‌ನಲ್ಲಿ ನೋಂದಾಯಿಸುವ ಅಲ್ಲಿನ ರೆಗ್‌ಎಸ್‌ವಿಆರ್32 (regsvr32) ಮುಂದೆ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ‘ಸಕ್ಸೀಡೆಡ್’ ಬಂದರೆ ಒಂದು ಮುಗಿಯಿತು; ಪ್ರೋಗ್ರಾಂ ಮತ್ತೆ ತೆರೆದರೆ ಇನ್ನೊಂದು ಒಸಿಎಕ್ಸ್ ಕೇಳಬಹುದು. 0x80004005 ಬಂದರೆ ಹೆಚ್ಚಾಗಿ ಅಡ್ಮಿನ್ ಆಗಿ ತೆರೆದಿಲ್ಲ ಎಂದೇ ಅರ್ಥ.

ಪ್ರೋಗ್ರಾಂ ವಿಬಿ5ರದಾದರೆ ಬೇಕಾದ್ದು ಎಂಎಸ್‌ವಿಬಿವಿಎಂ50, ಬೇರೆ ಪ್ಯಾಕ್. ವಿಬಿ3ರದಾದರೆ ಕೈಬಿಡಿ: 16 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ.

ತೆರೆದುಕೊಂಡಿತೆಂದು ಅಂದೇ ಅಚ್ಚು ಬೆಲ್ಲದ ಲೆಕ್ಕ ಬರೆಯಲು ಕೂರಬೇಡಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇನ್‌ಸ್ಟಾಲ್ ಮಾಡಿದ್ದರೆ, ಎಂಡಿಬಿ ಡೇಟಾ ಫೈಲನ್ನು ವಿಂಡೋಸ್ ಸದ್ದಿಲ್ಲದೆ ಆಯಾ ಯೂಸರಿನ ‘ವರ್ಚುವಲ್‌ಸ್ಟೋರ್’ ಫೋಲ್ಡರಿಗೆ ತಿರುಗಿಸಿಬಿಡುತ್ತದೆ. ಯಜಮಾನರ ಲಾಗಿನ್‌ನಲ್ಲಿ ಹಾಕಿದ ಬಿಲ್ ಗುಮಾಸ್ತರ ಲಾಗಿನ್‌ನಲ್ಲಿ ಕಾಣುವುದಿಲ್ಲ. ಸಿ ಡ್ರೈವ್‌ನಲ್ಲೇ ‘ಬಿಲ್’ ಅಂತ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ. ರೀಜನ್ ಸೆಟ್ಟಿಂಗ್ ಇಂಗ್ಲಿಷ್ (ಇಂಡಿಯಾ) ಇರಲಿ. ಅಮೆರಿಕದ್ದಿದ್ದರೆ 05/04 ಅಂದರೆ ಏಪ್ರಿಲ್ 5 ಹೋಗಿ ಮೇ 4 ಆಗುತ್ತದೆ, ಬಾಕಿ ಪಟ್ಟಿ ಪೂರಾ ಉಲ್ಟಾ. ಗಿರಾಕಿ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಟೈಪಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತವೆ, ವಿಬಿ6ರ ಸಾಮಾನ್ಯ ಪೆಟ್ಟಿಗೆಗಳಿಗೆ ಯೂನಿಕೋಡ್ ಬರುವುದಿಲ್ಲ. ಹಳೇ ನುಡಿ, ಬರಹದ ಆಸ್ಕಿ ಫಾಂಟುಗಳೇ ಗತಿ.

ಪ್ಯಾಕ್‌ಗೆ ಐದರಲ್ಲಿ ಎರಡು ಅಂಕ, ಅದೂ ಗೋಡೌನಿನ ಮೂಲೆಯಲ್ಲಿ ವಿಂಡೋಸ್ 98 ಇನ್ನೂ ಉಸಿರಾಡುತ್ತಿದ್ದರೆ.