ಹೊಸ ಎಸ್‌ಎಸ್‌ಡಿ ಸತ್ತಿಲ್ಲ ಅಂತ ತೋರಿಸಿಕೊಟ್ಟ ಅಂಗಡಿ

ವಿಂಡೋಸ್ ಹಾಕಲು ಹೋಗಿ, ಹೊಸ ಡ್ರೈವೇ (ಫೈಲುಗಳನ್ನೆಲ್ಲ ಇಡುವ ಎಸ್‌ಎಸ್‌ಡಿ) ಕಾಣುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರು ಹಾಸನದ ಸುತ್ತಮುತ್ತ ಇದ್ದರೆ, ಇನ್ನೊಂದು ಡ್ರೈವ್ ಕೊಳ್ಳುವ ಮೊದಲು ಈ ಅಂಗಡಿಗೆ ಒಮ್ಮೆ ಹೋಗಿ ಬನ್ನಿ.

ನನ್ನದು 2021ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್, ಇಂಟೆಲ್ 11ನೇ ಜನರೇಶನ್ ಪ್ರೊಸೆಸರ್. ಒಳಗಿದ್ದ 256 ಜಿಬಿ ತುಂಬಿ ಹೋಗಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಹೇಗೂ 11 ಹಾಕಬೇಕು, ಜಾಗವೂ ಆಗಲಿ ಅಂತ 1 ಟಿಬಿಯ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಡ್ರೈವ್ ತರಿಸಿ ಖಾಲಿ ಇದ್ದ ಎರಡನೇ ಸ್ಲಾಟಿಗೆ ಕೂರಿಸಿದೆ. ಪೆನ್‌ಡ್ರೈವಿನಿಂದ ಇನ್‌ಸ್ಟಾಲರ್ ಶುರು ಮಾಡಿದರೆ, ಎಲ್ಲಿ ಹಾಕಬೇಕು ಅಂತ ಕೇಳುವ ಜಾಗದಲ್ಲಿ ಪಟ್ಟಿ ಪೂರ್ತಿ ಖಾಲಿ.

ಮೊದಲು ಬೇರೆ ಕಡೆ ತೋರಿಸಿದೆ. ಅಲ್ಲಿ ಹತ್ತು ನಿಮಿಷ ನೋಡಿ, ಡ್ರೈವ್ ಸತ್ತಿದೆ, ನಮ್ಮ ಹತ್ತಿರ ಬೇರೆ ಇದೆ ತಗೊಳ್ಳಿ ಅಂದರು. ತುಂಬಾ ಬೇಜಾರಾಯಿತು. ದುಡ್ಡು ಕೊಟ್ಟು ವಾರ ಆಗಿರಲಿಲ್ಲ.

ಇಲ್ಲಿಗೆ ಬಂದಾಗ ಅಂಗಡಿಯ ಹುಡುಗ ಲ್ಯಾಪ್‌ಟಾಪ್ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದ. "ಅಕ್ಕ, ಆ ಪಟ್ಟಿಯಲ್ಲಿ ಹಳೇ ಡ್ರೈವ್ ಆದ್ರೂ ಕಾಣ್ತಿತ್ತಾ?" ಇಲ್ಲ ಅಂದೆ. "ಹಳೇದು ಚೆನ್ನಾಗೇ ಓಡ್ತಿದೆ, ಅದೂ ಕಾಣಲ್ಲ ಅಂದ್ರೆ ತಪ್ಪು ಡ್ರೈವಿಂದಲ್ಲ." ಎಫ್2 ಒತ್ತಿ ಬಯೋಸ್ (ವಿಂಡೋಸ್‌ಗಿಂತ ಮೊದಲೇ ತೆರೆಯುವ ಲ್ಯಾಪ್‌ಟಾಪಿನ ಸೆಟ್ಟಿಂಗ್ ಪರದೆ) ತೆರೆದು ನನ್ನ ಕಡೆ ತಿರುಗಿಸಿದ. ಎರಡೂ ಡ್ರೈವಿನ ಹೆಸರು ಅಲ್ಲಿತ್ತು. ಹೊಸದರ ಸ್ಟಿಕ್ಕರಿನ ಮೇಲಿದ್ದ ಸೀರಿಯಲ್ ನಂಬರನ್ನು ನಾನೇ ಒಂದೊಂದಾಗಿ ಹೋಲಿಸಿ ನೋಡಿದೆ, ಅದೇ.

ಕಾರಣ ಇಷ್ಟು. ಇಂಟೆಲ್ 11ನೇ ಜನರೇಶನ್‌ನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ, ಡ್ರೈವುಗಳನ್ನು ಇಂಟೆಲ್‌ನ ಕಂಟ್ರೋಲರ್ ಮೂಲಕ ನಡೆಸುವ ಸೆಟ್ಟಿಂಗ್ ಆನ್ ಆಗಿಯೇ ಬರುತ್ತದೆ. ಡ್ರೈವುಗಳು ಅದರ ಹಿಂದೆ ಇರುತ್ತವೆ, ಅದಕ್ಕೆ ಬೇಕಾದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ಡ್ರೈವನ್ನು ಗುರುತಿಸಲು ಬೇಕಾದ ಸಾಫ್ಟ್‌ವೇರ್) ಇನ್‌ಸ್ಟಾಲರ್ ಹತ್ತಿರ ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವುದು ಒಂದು ದಾರಿ, ಆದರೆ ಹಾಗೆ ಮಾಡಿದರೆ ಹಳೇ ಡ್ರೈವಿನಲ್ಲಿರುವ ವಿಂಡೋಸ್ ಬೂಟ್ ಆಗದೇ, ಅಂದರೆ ಶುರುವೇ ಆಗದೇ ಇರಬಹುದು. ನಾನು ಟೀಚರ್, ಮಕ್ಕಳ ಅಂಕಪಟ್ಟಿಯೆಲ್ಲಾ ಅದರಲ್ಲೇ ಇದೆ ಅಂದಿದ್ದಕ್ಕೆ ಅದನ್ನು ಬಿಟ್ಟು ಡ್ರೈವರ್ ಹಾಕುವ ದಾರಿಯನ್ನೇ ಹಿಡಿದ.

ನಾನೂ ಮನೆಯಲ್ಲಿ ಆ ಡ್ರೈವರ್ ಡೌನ್‌ಲೋಡ್ ಮಾಡಿ ನೋಡಿದ್ದೆ, ಆಗಿರಲಿಲ್ಲ. ಯಾಕೆ ಅಂತ ಇಲ್ಲೇ ಗೊತ್ತಾಗಿದ್ದು. ಸೆಟಪ್ ಫೈಲನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿದರೆ ಇನ್‌ಸ್ಟಾಲರ್ ಅದನ್ನು ಓದುವುದಿಲ್ಲ, ಬಿಚ್ಚಿ ಒಳಗಿನ ಐಎನ್‌ಎಫ್ ಫೈಲ್ (ಡ್ರೈವರ್ ಹೇಗೆ ಹಾಕಬೇಕು ಅಂತ ಹೇಳುವ ಫೈಲ್) ಇರುವ ಫೋಲ್ಡರ್ ಹಾಕಬೇಕು. ಆಮೇಲೆ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದ. ಎರಡು ಸೆಕೆಂಡು ಸುಮ್ನೆ ಇದ್ದ ಪಟ್ಟಿಯಲ್ಲಿ ಡ್ರೈವ್ ಬಂದುಬಿಟ್ಟಿತು, 931 ಜಿಬಿ, ಖಾಲಿ ಜಾಗ. ಮಿಕ್ಕಿದ್ದು ಎಲ್ಲಿ ಅಂತ ಕೇಳಿದ್ದಕ್ಕೆ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ, ಏನೂ ಕಡಿಮೆ ಆಗಿಲ್ಲ ಅಂದ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. 'ನೆಕ್ಸ್ಟ್' ಒತ್ತುವ ಮೊದಲು ಎಲ್ಲ ಆಫ್ ಮಾಡಿ, ಹಳೇ ಡ್ರೈವಿನ ಸಣ್ಣ ಸ್ಕ್ರೂ ಬಿಚ್ಚಿ, ಡ್ರೈವನ್ನು ಹೊರಗೆ ತೆಗೆದು ಒಂದು ಕವರಿನಲ್ಲಿಟ್ಟು ನನ್ನ ಕೈಗೇ ಕೊಟ್ಟ. ಕೈತಪ್ಪಿ ಅದು ಫಾರ್ಮ್ಯಾಟ್ ಆಗಬಾರದು, ಹೊಸ ವಿಂಡೋಸ್‌ನ ಬೂಟ್ ಫೈಲುಗಳೂ ಹೋಗಿ ಹಳೇದರಲ್ಲಿ ಕೂರಬಾರದು ಅಂತ. ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಿ ಮುಗಿಸಿದ ಮೇಲೆ ಅದನ್ನು ವಾಪಸ್ ಹಾಕಿ, ನನ್ನ ಅಂಕಪಟ್ಟಿಯ ಫೋಲ್ಡರ್ ತೆರೆದು ತೋರಿಸಿದ ಮೇಲೇ ದುಡ್ಡು ತಗೊಂಡ. 500 ರೂಪಾಯಿ.

ಕೊರತೆ ಇಲ್ಲ ಅಂತಲ್ಲ. ಜನ ಜಾಸ್ತಿ ಇದ್ದಾಗ ಒಬ್ಬನೇ ಇರುತ್ತಾನೆ, ನಾನು ಎರಡು ಗಂಟೆ ಕಾದೆ. ಕೂರಲು ಇರುವುದು ಒಂದೇ ಸ್ಟೂಲ್. ಬಿಲ್ಲನ್ನು ಕೇಳಿ ತಗೊಳ್ಳಬೇಕು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಂತೂ ಹೋಗಬೇಡಿ, ನಾನು ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದೇ ಅರ್ಧ ಗಂಟೆ.