ಲೆಕ್ಕದ ಪುಸ್ತಕ, ಲಕೋಟೆ, ಆ್ಯಪ್: ಮೂರನ್ನೂ ಬಳಸಿ ನೋಡಿದ ಮೇಲೆ

ಖರ್ಚಿನ ಲೆಕ್ಕ ಇಡುವ ಆ್ಯಪಿಗೆ ಒಂದು ವರ್ಷದ ಚಂದಾ ಕಟ್ಟಿ, ಏಳನೇ ತಿಂಗಳಿಗೆ ಫೋನಿನಿಂದ ತೆಗೆದುಹಾಕಿದೆ. ಈಗ ನಮ್ಮ ಮನೆಯ ಲೆಕ್ಕ ಇನ್ನೂರು ಪುಟದ, ಗೆರೆ ಹಾಕಿದ ಒಂದು ನೋಟ್‌ಬುಕ್ಕಿನಲ್ಲಿದೆ. ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಪುಸ್ತಕದ ಕಡೆ. ಆ್ಯಪಿಗೂ ಪುಸ್ತಕಕ್ಕೂ ನಡುವೆ ಮೂರು ತಿಂಗಳು ಲಕೋಟೆ ಪದ್ಧತಿಯನ್ನೂ ಮಾಡಿ ನೋಡಿದ್ದೇವೆ. ಒಂದು ಕೆಲಸದಲ್ಲಿ ಮಾತ್ರ ಯಂತ್ರವೇ ಮೇಲು. ಅದನ್ನೂ ಹೇಳುತ್ತೇನೆ.

ಮನೆಯಲ್ಲಿ ನಾವು ನಾಲ್ಕು ಜನ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಬೇರೆ ಬೇರೆ ಖಾತೆ, ಒಂದು ಕ್ರೆಡಿಟ್ ಕಾರ್ಡ್. ಸಾಲ ಅಂತೇನೂ ಇರಲಿಲ್ಲ. ಆದರೆ ತಿಂಗಳ ಕೊನೆಗೆ ಉಳಿಯಬೇಕಾದಷ್ಟು ಉಳಿಯುತ್ತಿರಲಿಲ್ಲ. ಎಲ್ಲಿ ಹೋಯಿತು ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಅಮ್ಮನ ಹತ್ತಿರ ಹೇಳಿಕೊಂಡಾಗ, "ದಿನಾ ರಾತ್ರಿ ಕೂತು ಬರೆದಿಡು, ಸದ್ಯಕ್ಕೆ ಅಷ್ಟು ಮಾಡು ಸಾಕು" ಅಂದರು. ಅವರ ಕಾಲಕ್ಕೆ ಅದು ಸರಿ, ಈಗ ಬ್ಯಾಂಕಿನ ಮೆಸೇಜ್ ಓದಿ ಫೋನೇ ಲೆಕ್ಕ ಬರೆದುಕೊಳ್ಳುವಾಗ ನಾನ್ಯಾಕೆ ಬರೆಯಲಿ ಅನ್ನಿಸಿತು. ಇಬ್ಬರ ಫೋನೂ ಸೇರುವ ಕುಟುಂಬದ ಚಂದಾ ತೆಗೆದುಕೊಂಡೆ.

ಮೊದಲ ತಿಂಗಳು ಖುಷಿಯಾಗಿತ್ತು. ಎರಡನೇ ತಿಂಗಳು ಖರ್ಚು ಇದ್ದಕ್ಕಿದ್ದಂತೆ ಜಾಸ್ತಿ ತೋರಿಸಿತು. ನಾವು ದೊಡ್ಡದೇನೂ ಕೊಂಡಿರಲಿಲ್ಲ. ಒಂದು ಸಂಜೆ ಪೂರ್ತಿ ಕೂತು ಹುಡುಕಿದ ಮೇಲೆ ಗೊತ್ತಾಯಿತು. ಮಕ್ಕಳಿಬ್ಬರಿಗೂ ಶೂ ಕೊಡಿಸಿ ಕಾರ್ಡ್ ಉಜ್ಜಿದ್ದೆ. ಮೆಸೇಜ್ ಬಂತು, ಆ್ಯಪ್ ಅದನ್ನು ಖರ್ಚು ಅಂತ ಬರೆದುಕೊಂಡಿತು. ಸರಿಯೇ. ಮುಂದಿನ ತಿಂಗಳು ಕಾರ್ಡಿನ ಬಿಲ್ ಕಟ್ಟಿದೆ. ಬ್ಯಾಂಕಿನಿಂದ ಇನ್ನೊಂದು ಮೆಸೇಜ್ ಬಂತು. ಅದನ್ನೂ ಖರ್ಚಿಗೇ ಸೇರಿಸಿತು. ಒಂದೇ ಜೊತೆ ಶೂಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಕಾರ್ಡಿನಲ್ಲಿ ಕೊಂಡ ಪ್ರತಿಯೊಂದರ ಕಥೆಯೂ ಇದೇ.

ಆಮೇಲೆ ನೋಡುತ್ತಾ ಹೋದ ಹಾಗೆ ಇನ್ನಷ್ಟು ಸಿಕ್ಕವು. ಬಾಡಿಗೆಯ ನನ್ನ ಪಾಲನ್ನು ಗಂಡನ ಖಾತೆಗೆ ಹಾಕುತ್ತೇನೆ. ಅದು ಒಂದು ಖರ್ಚು. ಅವರು ಪೂರ್ತಿ ಬಾಡಿಗೆ ಕಟ್ಟುತ್ತಾರೆ. ಅದು ಇನ್ನೊಂದು ಖರ್ಚು. ಅಳತೆ ಸರಿಹೋಗದ ಜಾಕೆಟ್ ವಾಪಸ್ ಕಳಿಸಿದೆವು, ದುಡ್ಡು ಮರಳಿ ಬಂತು. ಅದು ಆದಾಯದ ಪಟ್ಟಿಯಲ್ಲಿ ಸಂಬಳದ ಪಕ್ಕದಲ್ಲೇ ಕೂತಿತ್ತು!

ಈ ಜೇಬಿನಿಂದ ಆ ಜೇಬಿಗೆ ಹಾಕಿದ್ದು ಖರ್ಚಲ್ಲ ಅನ್ನುವುದು ಲೆಕ್ಕ ಬರೆಯುವವರಿಗೆ ತಲೆಮಾರುಗಳಿಂದ ಗೊತ್ತಿರುವ ವಿಷಯ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆದು ತಾಳೆ ನೋಡುವ ಪದ್ಧತಿಯನ್ನು ಇಟಲಿಯ ಲೂಕಾ ಪಾಚೊಲಿ 1494ರಲ್ಲೇ ವಿವರವಾಗಿ ಅಚ್ಚು ಹಾಕಿಸಿದ್ದರು. ಆ್ಯಪಿನಲ್ಲೂ 'ಇದು ವರ್ಗಾವಣೆ' ಅಂತ ಗುರುತು ಹಾಕುವ ಜಾಗ ಇತ್ತು. ನಾನು ಹಾಕಿದೆ. ಆದರೆ ಬ್ಯಾಂಕಿನ ಮೆಸೇಜಿನ ಒಕ್ಕಣೆ ಸ್ವಲ್ಪ ಬದಲಾದರೆ ಸಾಕು, ಆ ಗುರುತು ಕೆಲಸ ಮಾಡುತ್ತಿರಲಿಲ್ಲ. ಬಿಲ್ಲನ್ನು ಒಂದೇ ಸಲ ಕಟ್ಟದೆ ಎರಡು ಕಂತಿನಲ್ಲಿ ಕಟ್ಟಿದ ತಿಂಗಳು ಮತ್ತೆ ಎಲ್ಲ ಕಲಸುಮೇಲೋಗರ. ಭಾನುವಾರ ಬಂತೆಂದರೆ ಮುಕ್ಕಾಲು ಗಂಟೆ ಅದರ ತಪ್ಪು ತಿದ್ದುವುದರಲ್ಲೇ ಹೋಗುತ್ತಿತ್ತು. ಬರೆಯುವ ಕೆಲಸ ತಪ್ಪಿಸಿಕೊಳ್ಳೋಣ ಅಂತ ದುಡ್ಡು ಕೊಟ್ಟಿದ್ದೆ. ಬರೆಯುವುದಕ್ಕಿಂತ ಹೆಚ್ಚು ಹೊತ್ತು ತಿದ್ದುವುದಕ್ಕೇ ಹಿಡಿಯಿತು.

ದೊಡ್ಡ ಅಂಗಡಿಯ ಬಿಲ್ಲಿನದು ಇನ್ನೊಂದು ತಲೆನೋವು. ಸೋಪು, ಪೆನ್ಸಿಲ್, ತರಕಾರಿ, ಮಗಳ ಗೆಳತಿಗೆ ಹುಟ್ಟುಹಬ್ಬದ ಉಡುಗೊರೆ, ಎಲ್ಲ ಸೇರಿ ಒಂದೇ ಮೊತ್ತ, ಒಂದೇ ಹೆಸರು: ದಿನಸಿ. ನಗದು ಕೊಟ್ಟಿದ್ದಂತೂ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಇದೆಲ್ಲ ತಿದ್ದಿಕೊಳ್ಳಬಹುದಾದದ್ದು ಅಂತಲೇ ಇಟ್ಟುಕೊಳ್ಳೋಣ. ನನಗೆ ನಿಜವಾಗಿ ಬೇಜಾರಾದದ್ದು ಬೇರೆ. ಆರು ತಿಂಗಳಲ್ಲಿ ನಮ್ಮ ಖರ್ಚು ಸ್ವಲ್ಪವೂ ಕಡಿಮೆಯಾಗಲಿಲ್ಲ. ಲೆಕ್ಕ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು, ನಾವು ನಮ್ಮಷ್ಟಕ್ಕೆ ಕೊಳ್ಳುತ್ತಿದ್ದೆವು. ದುಡ್ಡು ಕೊಡುವಾಗ ಮನಸ್ಸಿಗೆ ಸಣ್ಣದೊಂದು ಚುರುಕು ಮುಟ್ಟಬೇಕು, ಕಾರ್ಡು ಅದನ್ನು ಮರೆಸುತ್ತದೆ. 2001ರಲ್ಲಿ ಪ್ರಕಟವಾದ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಅವರ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟಾಗ, ಕಾರ್ಡಿನಲ್ಲಿ ಕೊಡಬಹುದು ಅಂದುಕೊಂಡ ವಿದ್ಯಾರ್ಥಿಗಳು ನಗದು ಕೊಡಬೇಕಾದವರಿಗಿಂತ ಸರಾಸರಿ ಸುಮಾರು ಎರಡರಷ್ಟು ಕೂಗಿದರು. ಕೊಡುವುದನ್ನು ಕಾರ್ಡು ಮರೆಸಿತು, ಕೊಟ್ಟದ್ದನ್ನು ಬರೆಯುವ ಕೆಲಸವನ್ನು ಆ್ಯಪ್ ಕಿತ್ತುಕೊಂಡಿತು. ನಮ್ಮ ಕೈಗೆ ಏನೂ ತಾಗಲೇ ಇಲ್ಲ.

ಆ್ಯಪ್ ತೆಗೆದ ಮೇಲೆ ನೇರವಾಗಿ ಇನ್ನೊಂದು ತುದಿಗೆ ಹೋದೆ: ಲಕೋಟೆ. ಸಂಬಳ ಬಂದ ದಿನ ನಗದು ತಂದು, ಅಡುಗೆಮನೆ, ಓಡಾಟ, ಮಕ್ಕಳು, ಹೊರಗಿನ ಊಟ, ಇತರೆ ಅಂತ ಐದು ಲಕೋಟೆಗೆ ಹಂಚುವುದು. ಒಂದು ಖಾಲಿಯಾದರೆ ಆ ತಿಂಗಳಿಗೆ ಅದು ಮುಗಿಯಿತು. ಜನ ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಗೂಡುಗಳಲ್ಲಿ ಇಟ್ಟು ನೋಡುತ್ತಾರೆ ಅನ್ನುವುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಬಹಳ ವರ್ಷ ವಿವರಿಸಿದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಲಕೋಟೆ ಆ ಗೂಡನ್ನೇ ಕೈಗೆ ಕೊಡುತ್ತದೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ 'ಹೊರಗಿನ ಊಟ'ದ ಲಕೋಟೆ ತೆಳ್ಳಗಾಗಿರುತ್ತಿತ್ತು. ಮಗ ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಈ ವಾರ ಬೇಡ ಅಲ್ವಾ ಅಮ್ಮ" ಅಂತ ತಾನೇ ಹೇಳಿದ. ಆ ಮಾತನ್ನು ಅವನ ಬಾಯಿಂದ ಯಾವ ಆ್ಯಪೂ ಹೊರಡಿಸಿರಲಿಲ್ಲ.

ಆದರೆ ನಮ್ಮ ಅರ್ಧಕ್ಕರ್ಧ ಖರ್ಚು ನಗದಿನಲ್ಲಿ ಆಗುವುದೇ ಇಲ್ಲ. ಕರೆಂಟು, ಇಂಟರ್ನೆಟ್, ಶಾಲೆಯ ಫೀಸು, ಎಲ್ಲ ಫೋನಿನಲ್ಲಿ. ಮಕ್ಕಳ ಲಕೋಟೆಯಲ್ಲಿ ದುಡ್ಡಿದ್ದರೂ ಫೀಸನ್ನು ಖಾತೆಯಿಂದ ಕಟ್ಟಿ, 'ಇಷ್ಟನ್ನು ಬ್ಯಾಂಕಿಗೆ ವಾಪಸ್ ಹಾಕಬೇಕು' ಅಂತ ಚೀಟಿ ಬರೆದು ಲಕೋಟೆಯೊಳಗೆ ಇಡಬೇಕಾಯಿತು. ಮೂರನೇ ತಿಂಗಳಿಗೆ ನೋಟಿಗಿಂತ ಚೀಟಿಯೇ ಹೆಚ್ಚಿತ್ತು. ಮನೆಯಲ್ಲಿ ಸುಮ್ನೆ ಕೂತ ದುಡ್ಡಿಗೆ ಬಡ್ಡಿಯೂ ಇಲ್ಲ, ಕಳ್ಳತನದ ಭಯ ಬೇರೆ. ಹೊರಗಿನ ಊಟದ ಒಂದು ಲಕೋಟೆ ಉಳಿಸಿಕೊಂಡು ಬಾಕಿ ನಾಲ್ಕನ್ನು ನಿಲ್ಲಿಸಿದೆವು.

ಕೊನೆಗೆ ಅಮ್ಮ ಹೇಳಿದ್ದಕ್ಕೇ ಬಂದೆ.

ಪುಸ್ತಕದ ಪುಟವನ್ನು ಹೀಗೆ ಮಾಡಿಕೊಂಡಿದ್ದೇನೆ. ದಿನಕ್ಕೆ ಅರ್ಧ ಪುಟ. ನಾಲ್ಕು ಕಾಲಂ: ಏನು, ಎಷ್ಟು, ಯಾರು, ಮತ್ತೆ ಕೊನೆಯಲ್ಲಿ ಒಂದು ಸಣ್ಣ ಕಾಲಂ. ಮೊದಲೇ ಅಂದುಕೊಂಡು ಕೊಂಡಿದ್ದಾದರೆ ಆ ಕಾಲಂನಲ್ಲಿ ಟಿಕ್, ಹಾಗೇ ಹೋಗುತ್ತಾ ಕೊಂಡಿದ್ದಾದರೆ ಖಾಲಿ. ಪುಸ್ತಕಕ್ಕೆ ದಾರ ಕಟ್ಟಿ ಪೆನ್ಸಿಲ್ ನೇತುಹಾಕಿದ್ದೇನೆ, ಇಲ್ಲದಿದ್ದರೆ ಮಕ್ಕಳು ಒಯ್ಯುತ್ತಾರೆ. ಪಾತ್ರೆ ತೊಳೆದಾದ ಮೇಲೆ ಇಬ್ಬರೂ ಐದು ನಿಮಿಷ ಕೂರುತ್ತೇವೆ. ಒಬ್ಬರು ಹೇಳುವುದು, ಒಬ್ಬರು ಬರೆಯುವುದು. ಕಾರ್ಡಿನಲ್ಲಿ ಕೊಂಡಿದ್ದನ್ನು ಕೊಂಡ ದಿನವೇ ಬರೆಯುತ್ತೇವೆ, ಬಿಲ್ ಕಟ್ಟಿದ ದಿನ ಏನೂ ಬರೆಯುವುದಿಲ್ಲ. ಏಳು ತಿಂಗಳು ಕಾಡಿದ ಸಮಸ್ಯೆ ಅಷ್ಟಕ್ಕೇ ಮುಗಿಯಿತು.

ಎರಡನೇ ವಾರದಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. 'ಕೆಲಸದಿಂದ ಬರುವಾಗ ತಿಂಡಿ' ಅಂತ ಸೋಮವಾರದಿಂದ ಗುರುವಾರದವರೆಗೆ ನನ್ನದೇ ಅಕ್ಷರದಲ್ಲಿ ನಾಲ್ಕು ಸಲ ಇತ್ತು. ಟಿಕ್ ಒಂದಕ್ಕೂ ಇರಲಿಲ್ಲ. ಶುಕ್ರವಾರ ಅಂಗಡಿಯ ಮುಂದೆ ಬಂದಾಗ, ರಾತ್ರಿ ಇದನ್ನು ಐದನೇ ಸಲ ಬರೆಯಬೇಕಲ್ಲ ಅಂತ ನೆನಪಾಯಿತು. ಮುಂದೆ ನಡೆದೆ. ಇದೇ ಖರ್ಚು ಆ್ಯಪಿನಲ್ಲೂ ದಾಖಲಾಗಿತ್ತು, ಆರು ತಿಂಗಳು. ಆದರೆ ಅಲ್ಲಿ ಅದನ್ನು ಬರೆದ ಕೈ ನನ್ನದಾಗಿರಲಿಲ್ಲ.

ಜಪಾನಿನಲ್ಲಿ ಇಂಥ ಮನೆಲೆಕ್ಕದ ಪುಸ್ತಕಕ್ಕೆ ಕಾಕೇಬೋ ಅಂತ ಹೆಸರು. ಪತ್ರಕರ್ತೆ ಹಾನಿ ಮೊಟೊಕೊ ಅದನ್ನು 1904ರಲ್ಲಿ ಹೊರತಂದರು. ಅಲ್ಲಿನ ಪದ್ಧತಿಯಿಂದ ನಾನು ತೆಗೆದುಕೊಂಡಿದ್ದು ಒಂದೇ. ತಿಂಗಳ ಮೊದಲ ದಿನವೇ ಯಾವುದಕ್ಕೆ ಎಷ್ಟು ಅಂತ ಬರೆದಿಟ್ಟು, ಕೊನೆಯ ದಿನ ಆದದ್ದನ್ನು ಅದರ ಪಕ್ಕದಲ್ಲೇ ಬರೆಯುವುದು.

ಪುಸ್ತಕ ಬಂದ ಮೇಲೆ ಹಳೇ ಬುದ್ಧಿಮಾತುಗಳನ್ನೂ ಒಂದೊಂದಾಗಿ ತೂಗಿ ನೋಡಿದೆವು. ಕರೆಂಟ್ ಬಿಲ್ ಬರೆದಾಗಲೆಲ್ಲ ದೀಪ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯುತ್ತಿದ್ದೆ. 60 ವ್ಯಾಟ್‌ನ ಹಳೇ ಬಲ್ಬು ಹದಿನೇಳು ಗಂಟೆಯೊಳಗೆ ಒಂದು ಯೂನಿಟ್ ತಿನ್ನುತ್ತಿತ್ತು, ಆಗ ಬೈಗುಳಕ್ಕೆ ಅರ್ಥವಿತ್ತು. ಈಗಿನ 9 ವ್ಯಾಟ್‌ನ ಎಲ್‌ಇಡಿಗೆ ಅದಕ್ಕೆ 111 ಗಂಟೆ ಬೇಕು. ಹತ್ತು ನಿಮಿಷದ ಶವರಿಗೆ 80 ಲೀಟರ್ ಬಿಸಿನೀರು ಹೋಯಿತು ಅನ್ನಿ. ಅಷ್ಟು ನೀರನ್ನು 15 ಡಿಗ್ರಿ ಬಿಸಿ ಮಾಡಲು ಸುಮಾರು 1.4 ಯೂನಿಟ್ ಬೇಕು. ಅಷ್ಟರಲ್ಲಿ ಆ ಎಲ್‌ಇಡಿ ಆರು ದಿನ ಹಗಲೂ ರಾತ್ರಿ ಉರಿಯುತ್ತದೆ. ದೀಪ ಈಗಲೂ ಆರಿಸುತ್ತೇವೆ. ಜಗಳ ಮಾತ್ರ ಬಿಟ್ಟು, ಸ್ನಾನ ಐದು ನಿಮಿಷಕ್ಕೆ ಇಳಿಸಿದೆವು.

ಪುಸ್ತಕದಲ್ಲೂ ಕೊರತೆ ಇದೆ. ಮೂರು ದಿನ ಬಿಟ್ಟರೆ ನಾಲ್ಕನೇ ದಿನ ನೆನಪಾಗುವುದಿಲ್ಲ. ಆಗ ಬ್ಯಾಂಕಿನ ಮೆಸೇಜುಗಳನ್ನೇ ತೆಗೆದು ನೋಡುತ್ತೇನೆ. ಮೊತ್ತ ನಾವೇ ಕೂಡಬೇಕು. ಕಳೆದುಹೋದರೆ ಪ್ರತಿ ಇಲ್ಲ, ಅದಕ್ಕೇ ತಿಂಗಳ ಕೊನೆಯ ಪುಟದ ಫೋಟೋ ಹಿಡಿದಿಡುತ್ತೇನೆ.

ಯಂತ್ರ ಗೆದ್ದಿದ್ದು ಉಳಿತಾಯದಲ್ಲಿ. ಮೊದಲು ಉಳಿಸು, ಆಮೇಲೆ ಖರ್ಚು ಮಾಡು ಅನ್ನುವ ಹಳೇ ಮಾತನ್ನು ಕೈಯಿಂದ ಮಾಡಲು ಹೋದರೆ ಪ್ರತಿ ತಿಂಗಳೂ ಒಂದು ನೆಪ ಸಿಗುತ್ತಿತ್ತು. ಸಂಬಳ ಬಂದ ಮರುದಿನವೇ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ. ಅಲ್ಲಿಂದ ಒಂದು ತಿಂಗಳೂ ತಪ್ಪಿಲ್ಲ. ಖರ್ಚನ್ನು ಕೈಯಲ್ಲಿ ಬರೆಯಬೇಕು, ಉಳಿತಾಯವನ್ನು ಕೈಗೆ ಸಿಗದ ಹಾಗೆ ಮಾಡಬೇಕು. ಈ ಜೋಡಿಯೇ ನಮ್ಮ ಮನೆಗೆ ಹೊಂದಿತು.

ನಿಮ್ಮ ಹತ್ತಿರ ಒಂದೇ ಖಾತೆ ಇದ್ದು, ಕ್ರೆಡಿಟ್ ಕಾರ್ಡ್ ಇಲ್ಲದಿದ್ದರೆ ಆ್ಯಪ್ ಸಾಕಾಗಬಹುದು. ಅದರ ತಪ್ಪುಗಳಲ್ಲಿ ಹೆಚ್ಚಿನವು ನಿಮಗೆ ಬರುವುದೇ ಇಲ್ಲ. ತಿಂಗಳ ಕೊನೆಗೆ ಕೈಯೇ ನಿಲ್ಲುವುದಿಲ್ಲ ಅನ್ನುವವರು ಲಕೋಟೆಯಿಂದ ಶುರು ಮಾಡಿ, ಒಂದೇ ಒಂದು ಖರ್ಚಿಗೆ. ಇಬ್ಬರು ದುಡಿಯುವ, ರಾತ್ರಿ ಐದು ನಿಮಿಷ ಒಟ್ಟಿಗೆ ಕೂರಲು ಆಗುವ ಮನೆಗೆ ನಾನು ಪುಸ್ತಕವನ್ನೇ ಹೇಳುತ್ತೇನೆ. ದಿನಕ್ಕೆ ಅರ್ಧ ಪುಟದಂತೆ ವರ್ಷಕ್ಕೆ 183 ಪುಟ ಹೋಗುತ್ತದೆ, 17 ಉಳಿಯುತ್ತವೆ. ಕೊನೆಯ ಆ ಪುಟಗಳಲ್ಲಿ ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ತಾರೀಖಿನ ಸಮೇತ ಬರೆದು, ಹನ್ನೆರಡರಿಂದ ಭಾಗಿಸಿ, ಅಷ್ಟನ್ನು ಪ್ರತಿ ತಿಂಗಳ ಮೊದಲ ಸಾಲಿಗೆ ಸೇರಿಸಿ. ವಿಮೆ, ಗಾಡಿಯ ಸರ್ವಿಸ್, ಫೋನಿನಲ್ಲಿ ತಾನಾಗೇ ನವೀಕರಣವಾಗುವ ಚಂದಾಗಳು. ನಮ್ಮ ಪಟ್ಟಿಯಲ್ಲಿ ಅಂಥ ಎಂಟು ಚಂದಾ ಇದ್ದವು. ಮೂರನ್ನು ಯಾರೂ ಬಳಸುತ್ತಿರಲಿಲ್ಲ. ಆ ಮೂರರಲ್ಲಿ ಒಂದು ಈ ಲೆಕ್ಕದ ಆ್ಯಪಿನದೇ. ಫೋನಿನಿಂದ ತೆಗೆದರೂ ಚಂದಾ ನಿಂತಿರಲಿಲ್ಲ, ಪಟ್ಟಿ ಬರೆಯುವಾಗ ಕಂಡು ನಿಲ್ಲಿಸಿದೆ.